ನೂರ ಹತ್ತರ ನಡುಕ

ಕೆಂಪು ಕಾರು ನೂರ ಹತ್ತರ ವೇಗದಲ್ಲಿ ನಡುಗುವುದಕ್ಕೆ ನಾನೇ ಕಾರಣ ಎಂಬ ತೀರ್ಮಾನಕ್ಕೆ ಬರಲು ನನ್ನ ಗಂಡನಿಗೆ ಆರು ವಾರ ಹಿಡಿಯಿತು. ಅಷ್ಟರಲ್ಲಿ ಅವರು ನಾಲ್ಕು ಟೈರು ಬದಲಾಯಿಸಿದ್ದರು, ಮೂರು ಸಲ ವೀಲ್ ಬ್ಯಾಲೆನ್ಸಿಂಗ್ ಮಾಡಿಸಿದ್ದರು, ರಸ್ತೆ ಹಾಕಿದವರನ್ನೂ ಬೈದು ಮುಗಿಸಿದ್ದರು. ಬೈಯಲು ಉಳಿದಿದ್ದು ಎಡಗಡೆ ಸೀಟಿನಲ್ಲಿ ಕೂತಿದ್ದ ನಾನು.

"ನೋಡು, ನಾನೊಬ್ಬನೇ ಓಡಿಸುವಾಗ ಗಾಡಿ ಬೆಣ್ಣೆ ಥರ ಹೋಗುತ್ತೆ. ನೀನು ಕೂತಾಗ ಮಾತ್ರ ನಡುಗುತ್ತೆ. ಇದು ವಿಜ್ಞಾನ. ಬೇಜಾರು ಮಾಡ್ಕೋಬೇಡ."

"ನೀವೊಬ್ಬರೇ ಹೋಗೋದು ಕ್ಲಿನಿಕ್ಕಿಗೆ. ಆ ಸಿಗ್ನಲ್‌ಗಳ ಮಧ್ಯೆ ನಲವತ್ತು ದಾಟಿದ್ದುಂಟಾ? ಹೈವೇಗೆ ಹೋಗೋದು ಶನಿವಾರ, ಅಕ್ಕನ ಮನೆಗೆ, ನನ್ನ ಜೊತೆ."

"ಅದನ್ನೇ ಅಲ್ವಾ ನಾನೂ ಹೇಳ್ತಿರೋದು? ನಿನ್ನ ಜೊತೆ!"

ಮೂರು ಶನಿವಾರ ಕಾರು ನಡುಗಿರಲಿಲ್ಲ. ಆ ದಿನಗಳಲ್ಲಿ ನಾನು ಬೆಳಿಗ್ಗೆ ಕಡಿಮೆ ತಿಂದಿದ್ದೆ ಎಂಬುದು ಅವರ ವಿವರಣೆ.

ಅವರು ಹಲ್ಲಿನ ಡಾಕ್ಟರು. ಬಾಯಿ ತೆರೆದಿದ್ದರೂ ಮಾತಾಡಲಾಗದ ಜನರ ನಡುವೆ ಇಪ್ಪತ್ತಾರು ವರ್ಷ ಕಳೆದವರು. ಯಾವ ಹಲ್ಲು ನೋಯುತ್ತಿದೆ ಎಂಬುದು ನೋಯುವವರಿಗೇ ಗೊತ್ತಿರುವುದಿಲ್ಲ ಎಂದು ಅವರ ಗಟ್ಟಿ ನಂಬಿಕೆ. ಹಾಗಾಗಿ ನಡುಕ ಸ್ಟೀರಿಂಗಿನಿಂದಲ್ಲ, ನನ್ನ ಬೆನ್ನ ಹಿಂದಿನಿಂದ ಬರುತ್ತಿದೆ ಎಂದು ನಾನು ಹೇಳಿದ ಮಾತು ಅವರ ಕಿವಿಯವರೆಗೆ ಹೋಗಿ, ಬಾಗಿಲು ಹಾಕಿದ್ದು ಕಂಡು ಹಿಂದಿರುಗಿತ್ತು.

ಕಾರಿಗೆ ಇರುವುದೇ ಎರಡು ಸೀಟು. ಮಕ್ಕಳಿಗೆ, ಅತ್ತೆಗೆ, ಯಾರದೋ ಸೂಟ್‌ಕೇಸಿಗೆ ಅದರಲ್ಲಿ ಜಾಗವಿಲ್ಲ. ಮದುವೆಯಾಗಿ ಇಷ್ಟು ವರ್ಷಗಳ ಮೇಲೆ ನಾವಿಬ್ಬರೇ ಎಲ್ಲಿಗಾದರೂ ಹೋಗುತ್ತಿದ್ದುದು ಅದರಲ್ಲಿ, ವಾರಕ್ಕೊಮ್ಮೆ. ಆ ಎರಡು ತಾಸಿನಲ್ಲಿ ಅವರು ಹೆಚ್ಚಿನ ಪಾಲು ಎಂಜಿನ್ನಿನ ಬಗ್ಗೆಯೇ ಮಾತಾಡುತ್ತಿದ್ದರು, ನಿಜ. ಆದರೂ ಪಕ್ಕದಲ್ಲಿ ಕೂತು ಕೇಳುತ್ತಿದ್ದವಳು ನಾನು. ಆ ಸೀಟನ್ನು ಬಿಟ್ಟುಕೊಡಲು ನನಗೆ ಮನಸ್ಸಿರಲಿಲ್ಲ.

ಗುರುವಾರ ಅವರು ನನ್ನನ್ನೂ ಕರೆದುಕೊಂಡು ಮೆಕ್ಯಾನಿಕ್ ಹತ್ತಿರ ಹೋದರು. ಜೊತೆಗೆಂದಲ್ಲ, ಸಾಕ್ಷಿಗೆ. ಮೆಕ್ಯಾನಿಕ್ ವಯಸ್ಸಾದವನು, ಕನ್ನಡಕದ ಒಂದು ಕಡ್ಡಿಗೆ ತಂತಿ ಸುತ್ತಿಕೊಂಡಿದ್ದ.

"ಎಡಗಡೆ ಸೀಟು ಬಿಚ್ಚಿಬಿಡಿ. ರೇಸ್ ಗಾಡೀಲಿ ಹಾಗೇ ಮಾಡ್ತಾರೆ," ಎಂದರು ನನ್ನ ಗಂಡ.

"ಮತ್ತೆ ಮೇಡಂ ಎಲ್ಲಿ ಕೂರ್ತಾರೆ ಸಾರ್?"

"ಅವಳಿಗೆ ಅವಳದ್ದೇ ಹಳೇ ಕಾರಿದೆ. ಇದು ನಡುಗ್ತಿರೋದೇ ಅವಳ ತೂಕಕ್ಕೆ."

ಮೆಕ್ಯಾನಿಕ್ ನನ್ನ ಕಡೆ ತಿರುಗಿದ. "ನಡುಕ ನಿಮಗೆ ಎಲ್ಲಿ ಗೊತ್ತಾಗುತ್ತೆ ಮೇಡಂ?"

ಆರು ವಾರಗಳಲ್ಲಿ ಯಾರೂ ಕೇಳದ ಪ್ರಶ್ನೆ. ಗಂಟಲು ಸರಿಮಾಡಿಕೊಂಡೆ.

"ಬೆನ್ನಿಗೆ. ನೂರು ದಾಟಿದ ಮೇಲೆ ಶುರು, ನೂರ ಇಪ್ಪತ್ತೈದಕ್ಕೆ ಮಾಯ. ಬ್ಯಾಲೆನ್ಸಿಂಗ್ ಮಾಡಿಸಿದ ಮರುದಿನ ಇರಲ್ಲ. ಒಂದು ಭಾನುವಾರ ಕಳೆದ್ರೆ ಮತ್ತೆ ಹಾಜರು."

"ಭಾನುವಾರ ಏನ್ ಮಾಡ್ತೀರಿ ಸಾರ್?"

"ಏನಿಲ್ಲ. ತೊಳೀತೀನಿ ಅಷ್ಟೆ."

ಅದನ್ನು 'ಅಷ್ಟೆ' ಎನ್ನಲು ಧೈರ್ಯ ಬೇಕು. ಪ್ರತಿ ಭಾನುವಾರ ಅವರು ನಾಲ್ಕೂ ಚಕ್ರ ಬಿಚ್ಚಿ ಹಳೆಯ ಬೆಡ್‌ಶೀಟಿನ ಮೇಲೆ ಮಲಗಿಸುತ್ತಾರೆ. ಬಾಯಿಗೆ ಮಾಸ್ಕು, ಹಣೆಗೆ ಲೈಟು. ಹಲ್ಲು ಕೆರೆಯುವ ಕೊಕ್ಕೆಯಿಂದ ಚಕ್ರದ ಸಂದುಗೊಂದಿಯನ್ನೆಲ್ಲ ಕೆರೆಯುತ್ತಾರೆ. ನನಗೆ ತಲೆನೋವು ಬಂದಾಗಲೂ ಅಷ್ಟು ಹತ್ತಿರ ಬಗ್ಗಿ ನೋಡಿದವರಲ್ಲ.

ಮೆಕ್ಯಾನಿಕ್ ಹಿಂದಿನ ಚಕ್ರ ಬಿಚ್ಚಿ ಒಳಮೈ ಸವರಿದ. "ಇದೇನಿದು, ಅಂಟಿಸಿದ ಗುರುತೂ ಇಲ್ಲ?" ಎನ್ನುತ್ತ ಬೆಂಚಿನ ಮೇಲಿಂದ ಬೂದು ಬಣ್ಣದ ಪಟ್ಟಿಯೊಂದನ್ನು ತಂದ. ಉಗುರಿನಗಲದ ಲೋಹದ ತುಂಡುಗಳ ಸಾಲು. "ಚಕ್ರ ಯಾವ ಕಡೆ ಹಗುರ ಇರುತ್ತೋ ಅಲ್ಲಿ ಇದನ್ನ ಅಂಟಿಸ್ತೀವಿ ಮೇಡಂ. ಬ್ಯಾಲೆನ್ಸಿಂಗ್ ಅಂದ್ರೆ ಇದೇ. ಇದಿಲ್ಲ ಅಂದ್ರೆ ನೂರು ದಾಟಿದ ಕೂಡ್ಲೆ ಕುಣಿಯುತ್ತೆ."

ಆ ತುಂಡುಗಳನ್ನು ನಾನು ನೋಡಿದ್ದೆ. ನಮ್ಮ ಬಚ್ಚಲುಮನೆಯ ಕಿಟಕಿಯಲ್ಲಿ, ಕ್ಲಿನಿಕ್ಕಿನ ಸ್ಟೀಲ್ ತಟ್ಟೆಯಲ್ಲಿ, ಅಂಥವು ಮೂವತ್ತಾದರೂ ಇದ್ದವು. ಏನಿದು ಎಂದು ಕೇಳಿದ್ದಕ್ಕೆ, "ಹಲ್ಲಿಗೆ ಪಾಚಿ ಕಟ್ಟಿದ ಹಾಗೆ ಒಳಗೆಲ್ಲ ಅಂಟ್ಕೊಂಡಿತ್ತು, ಒಂದೂ ಬಿಡದೆ ಕಿತ್ತೆ," ಎಂದು ರೋಗಿಗೆ ತೋರಿಸುವಂತೆ ತೋರಿಸಿದ್ದರು.

ಈಗ ಅವರು ಗೋಡೆಯ ಮೇಲಿನ ಟೈರಿನ ಜಾಹೀರಾತನ್ನು ಪರೀಕ್ಷೆಗೆ ಓದುವವರಂತೆ ಓದುತ್ತಿದ್ದರು.

"ಇವು ತಾನಾಗೇ ಬಿದ್ದುಹೋಗ್ತವಾ?" ಎಂದು ಮೆಕ್ಯಾನಿಕ್‌ನನ್ನು ಕೇಳಿದೆ.

"ಒಂದೆರಡು ಬೀಳಬಹುದು. ಇಷ್ಟು ನೀಟಾಗಿ ಹೋಗ್ಬೇಕು ಅಂದ್ರೆ ಯಾರೋ ಪಟ್ಟು ಹಿಡಿದು ಕೆರೆದಿರ್ಬೇಕು."

"ಅಂಥವರೂ ಇರ್ತಾರಾ?"

"ನನ್ನ ನಲವತ್ತು ವರ್ಷದಲ್ಲಿ ಕಂಡಿಲ್ಲ ಮೇಡಂ."

ನನ್ನ ಗಂಡನ ಕಿವಿಗಳು ಕಾರಿನ ಬಣ್ಣಕ್ಕೆ ತಿರುಗಿದವು. ತಟ್ಟೆಯ ವಿಷಯ ಹೇಳಲು ನನಗೆ ಒಂದು ನಿಮಿಷ ಸಾಕಿತ್ತು. ಹೇಳಲಿಲ್ಲ. ಕನಿಕರದಿಂದಲ್ಲ, ಅವರೇ ಹೇಳಲಿ ಎಂದು. ನಾಲ್ಕೂ ಚಕ್ರಗಳಿಗೆ ತುಂಡು ಅಂಟಿಸಿ ಮುಗಿಯುವವರೆಗೂ ಕಾದೆ. ಅವರು ಜಾಹೀರಾತನ್ನು ಎರಡನೇ ಸಲ ಓದಿದರು.

"ಸೀಟು ಬಿಚ್ಚಲಾ ಸಾರ್?"

"ಇವತ್ತು ಬೇಡ."

"ಹಾಗಾದ್ರೆ ಹೈವೇಲಿ ಒಂದು ರೌಂಡ್ ನೋಡ್ಕೊಂಡು ಬನ್ನಿ. ಮೇಡಂ ಓಡಿಸಲಿ, ನೀವು ಎಡಗಡೆ ಕೂತು ನೋಡಿ ಸಾರ್. ಬೆನ್ನಿಗೆ ಏನಾದ್ರೂ ಗೊತ್ತಾಗುತ್ತಾ ಅಂತ." ಅವನು ಕೀಲಿಯನ್ನು ನನ್ನ ಕೈಗಿಟ್ಟ. ಆ ಕೀಲಿ ನನ್ನ ಕೈಗೆ ಬಂದದ್ದು ಅದೇ ಮೊದಲು.

ತೊಂಬತ್ತು. ನೂರು. ನೂರ ಹತ್ತು. ಸೀಟಿನ ಪಕ್ಕದ ಬಾಟಲಿಯಲ್ಲಿ ನೀರು ಅಲುಗಲಿಲ್ಲ. ನನ್ನ ಗಂಡ ಬಾಗಿಲಿನ ಹಿಡಿ ಹಿಡಿದು ಕೂತಿದ್ದರು. 'ನಾನೇ ಕಣೇ ಕಿತ್ತಿದ್ದು' ಎಂದು ಒಂದು ಮಾತು ಹೇಳಿದ್ದರೆ ಅಲ್ಲೇ ಪಕ್ಕಕ್ಕೆ ನಿಲ್ಲಿಸಿ ಕೀಲಿ ಕೊಟ್ಟುಬಿಡುತ್ತಿದ್ದೆ.

"ನೋಡಿದ್ಯಾ?" ಎಂದರು ಕೊನೆಗೆ. "ನೀನು ಬಲಗಡೆ ಬಂದ ಕೂಡ್ಲೆ ನಡುಕ ಹೋಯ್ತು. ನಾನು ಹೇಳಿರ್ಲಿಲ್ವಾ, ನಿನ್ನ ತೂಕಾನೇ ಅಂತ?"

"ಹೌದ್ರೀ," ಎಂದೆ. "ನೀವು ಹೇಳಿದ್ದೇ ಸರಿ. ಇನ್ಮೇಲೆ ನಾನು ಈ ಕಡೆನೇ ಕೂರ್ತೀನಿ."

ಅವರು ಬಾಯಿ ತೆರೆದರು. ಅವರ ಕ್ಲಿನಿಕ್ಕಿನ ಕುರ್ಚಿಯಲ್ಲಿ ಒರಗಿದವರ ಹಾಗೆ, ತೆರೆದ ಬಾಯಿ ತೆರೆದೇ ಇತ್ತು.