ಅಳಿಯ ಹಾಕದ ಸಹಿ

ಮನೆಯ ಮೇಲೆ ದೊಡ್ಡ ನೀರಿನ ಟ್ಯಾಂಕ್ ಕೂರಿಸಬೇಕಿತ್ತು. ಅದಕ್ಕೆ ಲೈಸೆನ್ಸ್ ಇರುವ ಇಂಜಿನಿಯರ್ ಸಹಿ ಬೇಕು. ಅತ್ತೆಗೆ ಅದೊಂದು ಚಿಂತೆಯೇ ಅಲ್ಲ. ಅಳಿಯನೇ ಇಂಜಿನಿಯರ್! ಆ ಸುದ್ದಿ ಹಾಲು ಹಾಕುವವನಿಗೂ ಬಾಯಿಪಾಠವಾಗಿತ್ತು.

ಊಟ ಮುಗಿಯುತ್ತಲೇ ಅತ್ತೆ ನಕ್ಷೆ, ಪೆನ್ನು ತಂದು ಮುಂದಿಟ್ಟರು. ಅಳಿಯ ಪೆನ್ನು ಮುಟ್ಟಲಿಲ್ಲ.

"ಅತ್ತೆ, ಇದು ನನ್ನ ಕೈಲಾಗಲ್ಲ."

"ಯಾಕೆ, ಲೈಸೆನ್ಸ್ ಇಲ್ವಾ?"

"ಇದೆ. ಆದ್ರೆ ಕೆಲಸಕ್ಕೆ ಸೇರಿದಾಗಿಂದ ನಾನು ಮಾಡಿರೋದು ಬರೀ ರಸ್ತೆ. ಈ ತಾರಸಿ ಎಷ್ಟು ಭಾರ ತಡೆಯುತ್ತೋ ನನಗೆ ಗೊತ್ತಿಲ್ಲ."

"ಗೊತ್ತಿಲ್ಲ ಅಂತ ಮೆಲ್ಲಗೆ ಹೇಳಿ, ಪಕ್ಕದ ಮನೆಯವರಿಗೆ ಕೇಳ್ಸುತ್ತೆ!" ಅತ್ತೆಯ ಮುಖ ಸಣ್ಣದಾಯಿತು. "ಹಾಗಾದ್ರೆ ಲೈಸೆನ್ಸು ಸುಳ್ಳಾ?"

"ಸುಳ್ಳಲ್ಲ. ಲೈಸೆನ್ಸ್ ಇಲ್ಲದವರನ್ನ ಹತ್ತಿರಾನೇ ಸೇರಿಸಬೇಡಿ. ಇಷ್ಟು ಓದಿದ್ದೀನಿ, ತಪ್ಪಾದ್ರೆ ಹೊಣೆ ನಂದು ಅನ್ನೋದಕ್ಕೆ ಅದು ಬೇಕೇ ಬೇಕು. ಆದ್ರೆ ಯಾವ ಕೆಲಸದಲ್ಲಿ ಕೈ ಪಳಗಿದೆ ಅಂತ ಕೇಳಿಯೇ ತಿಳ್ಕೋಬೇಕು."

"ನಮ್ಮನೆಗೊಂದು ಸಹಿ ಹಾಕೋಕೆ ಇಷ್ಟೊಂದು ಬಿಗುಮಾನವೇ?" ಅತ್ತೆಗೆ ಅಳುವೇ ಬಂತು.

ಅಳಿಯ ಒಳಕೋಣೆಯತ್ತ ನೋಡಿದ. ಟ್ಯಾಂಕ್ ಬರುವುದು ಸರಿಯಾಗಿ ಅದರ ಮೇಲೆ. ಒಳಗೆ ಅವನ ಹೆಂಡತಿ ಕೂಸನ್ನು ಮಲಗಿಸುತ್ತಿದ್ದಳು. ಅತ್ತೆಯೂ ಅತ್ತ ನೋಡಿದರು. ಪೆನ್ನಿನ ಮುಚ್ಚಳ ಹಾಕಿದರು.

ಮರುದಿನ ಅಳಿಯ ತನ್ನ ಜೊತೆ ಓದಿದ ಗೆಳತಿಯನ್ನು ಕರೆತಂದ. ಮನೆ ಕಟ್ಟಿಸುವುದೇ ಆಕೆಯ ಕೆಲಸ. ಅತ್ತೆ ಬಾಗಿಲಲ್ಲೇ ಲೈಸೆನ್ಸ್ ಕೇಳಿದರು. ಆಮೇಲೆ ಅಳಿಯನನ್ನು ಓರೆಗಣ್ಣಿಂದ ನೋಡಿ, "ಇಂಥ ಟ್ಯಾಂಕ್ ಎಲ್ಲೆಲ್ಲಿ ಕೂರಿಸಿದ್ದೀಯಮ್ಮಾ?" ಎಂದರು.

ಆಕೆ ನಗುತ್ತಾ ನಾಲ್ಕಾರು ಮನೆಗಳ ವಿಳಾಸ ಕೊಟ್ಟಳು. ಮೇಲೆ ಹತ್ತಿ, ಕೆಳಗಿಳಿದು, ಗೋಡೆ ಅಳೆದಳು.

"ಈ ಕೋಣೆ ಮೇಲೆ ಖಂಡಿತ ಬೇಡಮ್ಮ, ಕೆಳಗೆ ಆಸರೆಗೆ ಒಂದು ಕಂಬವೂ ಇಲ್ಲ. ಮೆಟ್ಟಿಲ ಹತ್ತಿರ ಕಂಬಗಳಿವೆ. ಲೆಕ್ಕ ಹಾಕಿ ನೋಡಿ, ಆಮೇಲೆ ಸಹಿ ಹಾಕ್ತೀನಿ."

ಅತ್ತೆ ಅಳಿಯನ ತಟ್ಟೆಗೆ ಅಂದು ಎರಡು ಸಲ ಹೆಚ್ಚಿಗೆ ಬಡಿಸಿದರು. ಸಂಜೆ ಬೀದಿಯಲ್ಲಿ ಅವರದೇ ದನಿ: "ನಮ್ಮ ಅಳಿಯ ಎಂಥವರು ಗೊತ್ತಾ? ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತಾರೆ!"

ಅಕ್ಕಂದಿರೇ, ಅಣ್ಣಂದಿರೇ, ಇಂಜಿನಿಯರನ್ನು ಗೊತ್ತುಮಾಡುವಾಗ ಲೈಸೆನ್ಸ್ ಕೇಳಿ, ಆದರೆ ಅಷ್ಟಕ್ಕೇ ನಿಲ್ಲಬೇಡಿ. ಇಂಥದೇ ಕೆಲಸ ಎಲ್ಲಿ ಮಾಡಿದ್ದೀರಿ ಎಂದು ಕೇಳಿ, ಜಾಗಕ್ಕೆ ಕರೆದು ತೋರಿಸಿ. ಯಾರಾದರೂ "ಇದು ನನಗೆ ತಿಳಿಯದು" ಎಂದರೆ ಮುನಿಸಿಕೊಳ್ಳಬೇಡಿ. ನಿಮ್ಮ ಮನೆಯವರ ಜೀವದ ಮೇಲೆ ಅವರಿಗೂ ಅಕ್ಕರೆಯಿದೆ.