ನಾಲ್ಕನೇ ನಂಬರಿನ ಕಂಪ್ಯೂಟರ್

ಹೊಸದಾಗಿ ಸೇರಿದವರಿಗೆಲ್ಲ ಲೋಗನಾಥನ್ ಹೇಳುತ್ತಿದ್ದ ಮೊದಲ ಮಾತು ಒಂದೇ: "ಮೊದಲು ನೋಟ್‌ಬುಕ್ಕಿನಲ್ಲಿ ಬರೆಯಿರಿ, ಆಮೇಲೆ ಕಂಪ್ಯೂಟರ್ ಮುಟ್ಟಿ." ಕೊಯಮತ್ತೂರಿನ ಗಾಂಧೀಪುರಂನಲ್ಲಿ, ಬೇಕರಿಯ ಮೇಲಿನ ಮಹಡಿಯಲ್ಲಿದ್ದ ಆ ಸೆಂಟರಿನಲ್ಲಿ ಮೂವತ್ತು ಜನರಿಗೆ ಇದ್ದದ್ದು ಐದು ಕಂಪ್ಯೂಟರ್. ವೆಬ್‌ಸೈಟಿನ ಒಂದೊಂದು ಸಾಲನ್ನೂ ಅವನು ಹೇಳಿ ಬರೆಸುತ್ತಿದ್ದ, ತನಗೆ ಇನ್ನೊಬ್ಬರು ಬರೆಸಿದ್ದ ಹಾಗೆಯೇ.

ಗೋಕಿಲಾಳ ಪುಸ್ತಕ ಎಲ್ಲರದಕ್ಕಿಂತ ಅಚ್ಚುಕಟ್ಟು. ತಿರುಪ್ಪೂರಿನ ಬನಿಯನ್ ಕಂಪನಿಯೊಂದರ ಪ್ಯಾಕಿಂಗಿನಲ್ಲಿದ್ದ ಅವಳು ಭಾನುವಾರಗಳಲ್ಲಿ ಬಸ್ಸು ಹತ್ತಿ ಬರುತ್ತಿದ್ದಳು. ಲೋಗನಾಥನ್ ಹಾಗೆ ಅವಳ ಮನೆಯಲ್ಲೂ ಆಡುವುದು ಕನ್ನಡ. ಓದಲು ಮಾತ್ರ ಇಬ್ಬರಿಗೂ ಬಾರದು. ಪಾಠ ನಡೆಯುವಾಗ ತಮಿಳು, ಅವನು ಸಾರ್. ಮೆಟ್ಟಿಲಿಳಿದ ಮೇಲೆ ಕನ್ನಡ, ಅವನು ಅಣ್ಣ.

"ಕಂಪನಿಗೊಂದು ಪುಟ ಮಾಡಿ ತೋರಿಸು, ಆಫೀಸಿನಲ್ಲಿ ಕುರ್ಚಿ ಹಾಕಿಸ್ತೀನಿ" ಎಂದಿದ್ದ ಅವಳ ಮುದಲಾಳಿ, ಕಂಪನಿಯ ಯಜಮಾನ ಶಣ್ಮುಗಂ. ಎರಡು ತಿಂಗಳು ನಾಲ್ಕನೇ ನಂಬರಿನ ಕಂಪ್ಯೂಟರಿನಲ್ಲೇ ಕೂತು ಅವಳು ಅದನ್ನು ಕಟ್ಟಿದಳು. ಮೂರು ಬನಿಯನ್ನಿನ ಚಿತ್ರ, ಕೆಳಗೆ ಅಳತೆ, ವಿಳಾಸ. ಲೋಗನಾಥನ್ ಅದೇ ಕಂಪ್ಯೂಟರಿನಲ್ಲಿ ನೋಡಿ, ರೆಡಿ ಎಂದ. ಪುಟವೂ ಚಿತ್ರಗಳೂ ಒಂದು ಫ್ಲಾಪಿಯಲ್ಲಿ ತಿರುಪ್ಪೂರಿಗೆ ಹೋದವು.

ಮುಂದಿನ ಭಾನುವಾರ ಅವಳು ತಡವಾಗಿ ಬಂದಳು.

"ಚಿತ್ರ ಒಂದೂ ಬರಲಿಲ್ಲ, ಸಾರ್. ಮಾಲು ಕೊಳ್ಳಲು ಬಂದ ಹೊರಗಿನ ಪಾರ್ಟಿ ಪಕ್ಕದಲ್ಲೇ ಕೂತಿದ್ದರು. ಮುದಲಾಳಿ, 'ಏನಮ್ಮಾ, ಬನಿಯನ್ನೆಲ್ಲ ಡಬ್ಬಕ್ಕೆ ತುಂಬಿ ಟೇಪ್ ಹಚ್ಚಿಬಿಟ್ಟೆಯಾ?' ಅಂದರು. ಎಲ್ಲರೂ ನಕ್ಕರು. ನಾನೇ ಎಲ್ಲೋ ತಪ್ಪು ಬರೆದಿರಬೇಕು."

ನಾಲ್ಕನೇ ಕಂಪ್ಯೂಟರಿನಲ್ಲಿ ಯಾರೋ ಕೂತಿದ್ದರು. ಅವನು ಫ್ಲಾಪಿಯನ್ನು ಎರಡನೆಯದಕ್ಕೆ ಹಾಕಿದ. ಮೂರು ಖಾಲಿ ಚೌಕ, ಒಳಗೆ ಕೆಂಪು ಕತ್ತರಿ ಗುರುತು. ಅವಳ ಪುಸ್ತಕದ ಹನ್ನೊಂದನೇ ಪುಟ ತೆರೆದು ನೋಡಿದ. ಚಿತ್ರ ಎಲ್ಲಿದೆಯೆಂದು ಹೇಳುವ ಸಾಲಿನಲ್ಲಿ, ಅವನು ಬರೆಸಿದ ಹಾಗೆಯೇ, ನಾಲ್ಕನೇ ಕಂಪ್ಯೂಟರಿನ ಹೊಟ್ಟೆಯೊಳಗಿನ ಜಾಗದ ಪೂರ್ತಿ ವಿಳಾಸವಿತ್ತು. ಚಿತ್ರ ಫ್ಲಾಪಿಯಲ್ಲೇ ಇದ್ದರೂ ಬೇರೆ ಯಾವ ಕಂಪ್ಯೂಟರೂ ಅದನ್ನು ಅಲ್ಲಿ ಹುಡುಕುವುದಿಲ್ಲ. ಒಂದೂವರೆ ವರ್ಷ ಪಾಠ ಹೇಳಿದವನ ಒಂದು ಪುಟವೂ ಈ ಕೋಣೆಯಿಂದ ಹೊರಗೆ ಹೋಗಿರಲಿಲ್ಲ. ಹೋಗಿದ್ದರೆ ಗೊತ್ತಾಗುತ್ತಿತ್ತು.

ಸುತ್ತ ಹತ್ತು ಜನ ನೋಡುತ್ತಿದ್ದರು.

"ಫ್ಲಾಪಿ ಕೆಟ್ಟಿದೆ" ಎಂದ, ತಮಿಳಿನಲ್ಲಿ. "ಮುಂದಿನ ವಾರ ಹೊಸದು ತಾ."

ಅವಳ ಮುಖ ಹಗುರಾಯಿತು. ಆ ಹಗುರವನ್ನು ಅವನು ವಾರವಿಡೀ ಹೊತ್ತ. ಅವಳ ಸಾಲನ್ನು ಗುಟ್ಟಾಗಿ ತಿದ್ದಿ, ಹೊಸ ಫ್ಲಾಪಿಯಲ್ಲಿ ಹಾಕಿಕೊಟ್ಟರೆ ಮುಗಿಯಿತಲ್ಲ ಎಂದೂ ಲೆಕ್ಕ ಹಾಕಿದ. ಹಾಗೆ ಯೋಚಿಸಿದ್ದಕ್ಕೆ ಊಟ ಸೇರಲಿಲ್ಲ.

ಭಾನುವಾರ ಅವಳು ಎಲ್ಲರಿಗಿಂತ ಮೊದಲೇ ಬಂದು, ಹೊಸದಾಗಿ ಸೇರಿದ್ದ ಹಿನಾ ಎಂಬ ಹುಡುಗಿಗೆ ಬುದ್ಧಿ ಹೇಳುತ್ತಿದ್ದಳು. "ಫ್ಲಾಪಿ ಮಾತ್ರ ಒಳ್ಳೇ ಕಂಪನಿಯದು ತಗೋ. ನಾನು ಅಗ್ಗದ್ದು ತಗೊಂಡು ಮಾನ ಕಳಕೊಂಡೆ." ಹಿನಾ ಅದನ್ನು ಪುಸ್ತಕದ ಮೊದಲ ಪುಟದಲ್ಲಿ ಬರೆದುಕೊಂಡು ಅಡಿಗೆರೆ ಎಳೆದಳು. "ನಾಳೆ ಇನ್ನೊಂದು ಸಲ ನೋಡ್ತಾರಂತೆ, ಸಾರ್. ಅಷ್ಟೇ, ಆಮೇಲೆ ಇಲ್ಲವಂತೆ" ಎಂದು ಗೋಕಿಲಾ ಹೊಸ ಫ್ಲಾಪಿಯ ಡಬ್ಬ ಚಾಚಿದಳು.

ಅವನು ತೆಗೆದುಕೊಳ್ಳಲಿಲ್ಲ.

"ಫ್ಲಾಪಿ ಕೆಟ್ಟಿರಲಿಲ್ಲಮ್ಮ" ಎಂದ. ಪಾಠದ ಕೋಣೆಯಲ್ಲಿ ಮನೆಯ ಮಾತು ಬಂದುಬಿಟ್ಟಿತ್ತು. "ನಾನು ಹೇಳಿಕೊಟ್ಟದ್ದೇ ತಪ್ಪು. ಹೋದ ವಾರವೇ ಗೊತ್ತಾಯ್ತು."

ಅವಳು ಡಬ್ಬವನ್ನು ಮೇಜಿನ ಮೇಲಿಟ್ಟಳು.

"ಹೋದ ವಾರವೇ?"

"ಹೂಂ."

"ನಾನು ಬರೆದದ್ದು?"

"ನಾನು ಹೇಳಿದಂತೆ ಸರಿಯಾಗಿ ಬರೆದಿದ್ದೀ."

ಯಾವ ಸಾಲೆಂದು ಅವನು ಬೆರಳಿಟ್ಟು ತೋರಿಸಿದ. ಉದ್ದದ ವಿಳಾಸ ಹೊಡೆದುಹಾಕಿ ಚಿತ್ರದ ಹೆಸರಷ್ಟನ್ನೇ ಉಳಿಸಬೇಕು. ಅವಳು ಸ್ಕೇಲಿಟ್ಟು ಮೂರು ಕಡೆ ಹೊಡೆದುಹಾಕಿದಳು. ನಾಲ್ಕನೆಯದು ಖಾಲಿಯಿದ್ದರೂ ಎರಡನೆಯದಕ್ಕೆ ಹೋಗಿ ಕೂತು, ಹಳೇ ಫ್ಲಾಪಿಯಲ್ಲೇ ತಿದ್ದಿ ನೋಡಿದಳು. ಫ್ಲಾಪಿ ತೆಗೆದು, ಐದನೆಯದರಲ್ಲೂ ನೋಡಿದಳು. ಮೂರು ಬನಿಯನ್ನೂ ಎರಡು ಕಡೆಯೂ ಬಂದವು. ಅವಳು ನಗಲಿಲ್ಲ.

ಎದ್ದು ಚೀಲ ಹೆಗಲಿಗೇರಿಸಿ, ಆಗಷ್ಟೇ ಬಂದು ಕೂರುತ್ತಿದ್ದ ಉಳಿದವರ ಕಡೆ ನೋಡಿದಳು. "ಇವರ ಪುಸ್ತಕದಲ್ಲೂ ಅದೇ ಇದೆಯಲ್ಲ."

ಸಾರ್ ಎನ್ನಲಿಲ್ಲ, ಅಣ್ಣ ಎಂದೂ ಅನ್ನಲಿಲ್ಲ. ಅವಳ ಹೆಜ್ಜೆ ಮೆಟ್ಟಿಲಿಳಿದು ಮುಗಿಯುವ ತನಕ ಕಾದು, ಲೋಗನಾಥನ್ ಬೋರ್ಡಿನತ್ತ ತಿರುಗಿದ.

"ಎಲ್ಲರೂ ಹನ್ನೊಂದನೇ ಪುಟ ತೆಗೀರಿ" ಎಂದ. ಸೀಮೆಸುಣ್ಣ ಕೈಯಲ್ಲಿ ಎರಡು ತುಂಡಾಗಿತ್ತು.