ಖಾತ್ರಿಯಕ್ಕ ಮತ್ತು ನಿಂತುಹೋದ ಫ್ಯಾನು

ಬೀಗ ಹಾಕಿ ಮೂರು ಸಲ ಜಗ್ಗಿ ನೋಡುವವರು ಬೇಕಾದಷ್ಟು ಮಂದಿ ಇದ್ದಾರೆ. ಜಗ್ಗಿ, ನಾಲ್ಕು ಹೆಜ್ಜೆ ನಡೆದು, ತಿರುಗಿ ಬಂದು, ತಾವು ಜಗ್ಗಿದ್ದು ಇದೇ ಬೀಗವನ್ನೋ ಅಲ್ಲವೋ ಎಂದು ಪರೀಕ್ಷಿಸುವ ಒಬ್ಬರನ್ನು ಮಾತ್ರ ನಾನು ಕಂಡಿದ್ದೇನೆ. ನಮ್ಮ ಆಸ್ಪತ್ರೆಯ ಸರ್ವರ್ ಕೋಣೆಯ ಒಡತಿ ಅವರು. ಎಲ್ಲರ ಬಾಯಲ್ಲಿ ಖಾತ್ರಿಯಕ್ಕ. ಹೊರಗೆ ಸುಡುಬಿಸಿಲಿದ್ದರೂ ಆ ತಣ್ಣನೆಯ ಕೋಣೆಗೆಂದು ತಮ್ಮ ಅಣ್ಣನ ಹಳೆಯ ಉಣ್ಣೆಯ ಕೋಟನ್ನು ತೋಳು ಮಡಚಿ ತೊಟ್ಟು, ಜೇಬಿನ ಟಾರ್ಚು ತೊಡೆಗೆ ಬಡಿಯುತ್ತಿರಲು, ಪುಟ್ಟಪುಟ್ಟ ಹೆಜ್ಜೆಯಿಟ್ಟು ಓಡಾಡುವರು. "ಮಳೆ ಬರ್ತಿದೆ" ಎಂದರೂ "ಗೊತ್ತೋ, ಅಂದಾಜೋ?" ಎಂದು ಕೇಳುವ ಅವರೆದುರು ಸುಳ್ಳಿರಲಿ, ನಿಜ ಹೇಳುವುದಕ್ಕೂ ಗುಂಡಿಗೆ ಬೇಕು.

ಅವರ ವಶದಲ್ಲಿ ಎರಡು ಸರ್ವರುಗಳು, ಎರಡಕ್ಕೂ ಸೇರಿ ಒಂದೇ ಡಿಸ್ಕಿನ ಪೆಟ್ಟಿಗೆ. ರೋಗಿಗಳ ದಾಖಲೆಯೆಲ್ಲ ಅದರಲ್ಲೇ. ಒಂದು ಬಿದ್ದರೆ ಇನ್ನೊಂದು ಎದ್ದು ಕೆಲಸ ಹಿಡಿಯಬೇಕು. ಆದರೆ ಅದಕ್ಕೂ ಮುನ್ನ ಬಿದ್ದದ್ದರ ಕರೆಂಟು ಕಡಿದಿರಬೇಕು. "ಮಾತಾಡ್ತಿಲ್ಲ ಅಂದ್ರೆ ಸತ್ತಿದೆ ಅಂತಲ್ಲ. ಎರಡೂ ಒಂದೇ ಪುಟದ ಮೇಲೆ ಬರೆದ್ರೆ ಇವರ ಔಷಧಿ ಅವರ ಹೆಸರಿಗೆ!" ಎನ್ನುವರು. ಪ್ರತಿ ಬುಧವಾರ, ಹಾಡುಹಗಲೇ, ಒಂದರ ಕರೆಂಟು ಕಡಿಸಿ ಪರೀಕ್ಷೆ. "ಇರಲಾರದೆ ಇರುವೆ ಬಿಟ್ಕೊಳ್ಳೋದು ಯಾಕಮ್ಮಾ?" ಎಂದು ಆಡಳಿತಾಧಿಕಾರಿ ಅದನ್ನು ನಿಲ್ಲಿಸಿಬಿಟ್ಟರು. ಅಕ್ಕ ಸಿಟ್ಟಿನಿಂದ, ಪರೀಕ್ಷಿಸದ್ದನ್ನು ನಂಬುವುದಿಲ್ಲವೆಂದು, ಎರಡನೆಯದು ತಮ್ಮ ಒಪ್ಪಿಗೆಯಿಲ್ಲದೆ ಏಳದಂತೆ ಮಾಡಿಟ್ಟರು.

ಎರಡು ತಿಂಗಳ ಮೇಲೆ ಒಂದು ಬೆಳಿಗ್ಗೆ ನನ್ನ ಅತ್ತಿಗೆಯನ್ನೇ ತುರ್ತು ಶಸ್ತ್ರಚಿಕಿತ್ಸೆಗೆ ತಂದರು. ಹಿಂದೊಮ್ಮೆ ಅರಿವಳಿಕೆಯ ಯಾವುದೋ ಔಷಧಿಗೆ ಅವಳ ಉಸಿರೇ ನಿಂತಿತ್ತು. ಗಾಬರಿಯಲ್ಲಿ ಅಣ್ಣನಿಗೆ ಅದರ ಹೆಸರು ನೆನಪಾಗಲಿಲ್ಲ. ದಾಖಲೆ ವಿಭಾಗದ ನಾನು ಹುಡುಕಲು ಕೂತೆ, ಆ ಕ್ಷಣಕ್ಕೇ ಮೊದಲ ಸರ್ವರು ಮೂಕವಾಯಿತು. ಸರ್ವರ್ ಕೋಣೆಗೆ ಓಡಿದೆ. ಕಿವಿಯ ಫೋನಿನಲ್ಲಿ ಅರಿವಳಿಕೆ ವೈದ್ಯರು: "ಬೇಗ ಹೇಳಿ, ಕಾಯೋಕಾಗಲ್ಲ!"

ಅಕ್ಕ ಮೊದಲನೆಯದರ ಕರೆಂಟು ಕಡಿಯಲು ಆಜ್ಞೆ ಕೊಟ್ಟರು. ‘ಕಡಿಯಲಾಗಿದೆ’ ಎಂದಿತು ಪರದೆ.

"ಆಯ್ತಲ್ಲ, ಎರಡನೆಯದನ್ನ ಎಬ್ಬಿಸಿ!" ಎಂದರು ನನ್ನ ಹಿಂದೆಯೇ ಓಡಿಬಂದಿದ್ದ ಆಡಳಿತಾಧಿಕಾರಿ.

"ಅಕ್ಕಾ, ನಮ್ಮತ್ತಿಗೆ ಅಕ್ಕಾ!" ಎಂದು ನಾನೂ ಕೂಗಿದೆ.

ಕೀಲಿಮಣೆಯ ಮೇಲೆ ಎತ್ತಿದ ಅಕ್ಕನ ಬೆರಳು ಅಲ್ಲೇ ನಿಂತಿತು. "ಗಾಳಿ ಯಾಕೆ ನಿಂತಿತು?"

ಮೂಲೆಯ ಫ್ಯಾನು ತೂಕಡಿಸುತ್ತ ನಿಲ್ಲುತ್ತಿತ್ತು. ಅಕ್ಕ ಕಪಾಟಿನ ಹಿಂದೆ ನುಗ್ಗಿ ಟಾರ್ಚಿನ ಬೆಳಕು ಬಿಟ್ಟರು. ಮೊದಲ ಸರ್ವರಿನ ಹಸಿರು ದೀಪ ಉರಿಯುತ್ತಲೇ ಇತ್ತು! ಕಳೆದ ತಿಂಗಳು ಧೂಳು ಹೊಡೆಯುವಾಗ ಅದರ ಪ್ಲಗ್ಗೂ ಫ್ಯಾನಿನ ಪ್ಲಗ್ಗೂ ಅದಲುಬದಲಾಗಿದ್ದವು. ಆಜ್ಞೆಗೆ ಸತ್ತದ್ದು ಫ್ಯಾನು. ಅಕ್ಕ ಸರ್ವರಿನ ಪ್ಲಗ್ಗನ್ನು ಕೈಯಾರೆ ಕಿತ್ತರು. ದೀಪ ಆರುವವರೆಗೂ ಕಣ್ಣು ಕೀಳಲಿಲ್ಲ.

"ಈಗ ಗೊತ್ತು" ಎಂದು ಕೀಲಿ ಒತ್ತಿದರು.

ಎರಡೇ ನಿಮಿಷ! ಔಷಧಿಯ ಹೆಸರು ಪರದೆಯ ಮೇಲೆ ಬಂದಾಗ ನಾನು ಕಿರುಚಿದ ರಭಸಕ್ಕೆ ಫೋನೇ ಬೇಕಿರಲಿಲ್ಲ. ಅತ್ತಿಗೆ ಉಳಿದಳು. ಸಂಜೆ ಕೈಮುಗಿಯಲು ಬಂದ ಅಣ್ಣನಿಗೆ ಅಕ್ಕ ಬಾಗಿಲಿಗೆ ಆಗಷ್ಟೇ ಅಂಟಿಸಿದ್ದ ಚೀಟಿ ತೋರಿಸಿದರು: ‘ಪ್ಲಗ್ಗು ತಪ್ಪಾಗಿ ಚುಚ್ಚಿದವಳು ನಾನು. ಬುಧವಾರದ ಪರೀಕ್ಷೆ ಮತ್ತೆ ಶುರು.’ ಕೆಳಗೆ ಆಡಳಿತಾಧಿಕಾರಿಯ ಸಹಿಯೂ ಇತ್ತು.

ಇಂಥವರನ್ನು ಅನುಮಾನದ ಪ್ರಾಣಿಗಳೆಂದು ನಾವು ಬೆನ್ನ ಹಿಂದೆ ನಗುತ್ತೇವೆ. ಲೋಕವನ್ನೆಲ್ಲ ಶಂಕಿಸಿ ತನ್ನೊಬ್ಬನನ್ನು ನಂಬುವವನು ಬೀದಿಗೊಬ್ಬ ಸಿಗುತ್ತಾನೆ. ಎಲ್ಲರಿಗಿಂತ ಮೊದಲು ತಮ್ಮ ಕೈಯನ್ನೇ ಅನುಮಾನಿಸುವ ಈ ಜಾತಿಯವರು ಅಪರೂಪ. ನಮ್ಮ ಮನೆಯಲ್ಲಿ ಅತ್ತಿಗೆ ಇವತ್ತಿಗೂ ನನ್ನನ್ನು ಗದರಿಸುತ್ತಿರುವುದು ಅಂಥ ಒಬ್ಬರ ದಯೆಯಿಂದ.